‘ದೀದಿ’: ಮೂರು ಹೆಸರಿನ ಬಾಲಕ

ಹೊರನಾಡಿನಲ್ಲಿ ಹುಟ್ಟಿ ಬೆಳೆದ ಚೀನೀ ಮನೆತನದ ಬಾಲಕನು ತಾನು ಯಾರೆಂಬುದನ್ನು ಯಾರಿಂದ ತಿಳಿಯುವನು? ಮನೆಯ ಹಿರಿಯರಿಂದಲೋ, ಜಾಲತಾಣದಲ್ಲಿ ಕಲೆತ ಗೆಳೆಯರಿಂದಲೋ? ಷಾನ್ ವಾಂಗ್ ಎಂಬವರು ತಾವೇ ಬರೆದು ನಿರ್ದೇಶಿಸಿದ ‘ದೀದಿ’ ಚಲಚ್ಚಿತ್ರದ ವಸ್ತುವು ಈ ಪ್ರಶ್ನೆಯೇ. 2024ರಲ್ಲಿ ಅಮೆರಿಕೆಯ ಸನ್‌ಡಾನ್ಸ್ ಉತ್ಸವದಲ್ಲಿ ಪ್ರೇಕ್ಷಕರ ಪಾರಿತೋಷಿಕವನ್ನು ಪಡೆದ ಈ ಕೃತಿಯ ಹೆಸರನ್ನು ಕೇಳಿ ಹಿಂದಿಯ ಅಕ್ಕನನ್ನು ನೆನೆಯಬಾರದು; ಚೀನೀ ನುಡಿಯಲ್ಲಿ ಅದಕ್ಕೆ ‘ತಮ್ಮ’ ಎಂದರ್ಥ.

ಕಥೆಯು ನಡೆಯುವುದು 2008ರ ಬೇಸಗೆಯಲ್ಲಿ, ಕ್ಯಾಲಿಫೋರ್ನಿಯದ ಫ್ರೀಮಾಂಟ್ ನಗರದಲ್ಲಿ. ತೈವಾನಿನ ಮೂಲದ ಕುಟುಂಬ. ತಂದೆಯು ಉದ್ಯೋಗನಿಮಿತ್ತ ತೈವಾನಿನಲ್ಲಿರುವನು. ಮನೆಯಲ್ಲಿ ಅಜ್ಜಿ, ಚಿತ್ರ ಬರೆಯುವ ಹಂಬಲವುಳ್ಳ ತಾಯಿ, ಕಾಲೇಜಿಗೆ ಹೊರಟು ನಿಂತ ಅಕ್ಕ, 13 ವರುಷದ ಹುಡುಗ. ಅವನಿಗೆ ಮನೆಯವರು ಕರೆಯುವ ಹೆಸರು ದೀದಿ. ಹಳೆಯ ಗೆಳೆಯರಿಗೆ ವಾಂಗ್‌ವಾಂಗ್. ಹೊಸದಾಗಿ ಸೇರಿದ, ಗಾಲಿಹಲಗೆಯಾಟದ ಹುಡುಗರಿಗೆ ಕ್ರಿಸ್. ನಾಮಭೇದದಿಂದ ವಸ್ತುಭೇದವಾಗದೆಂಬುದು ಬಲ್ಲವರ ಮಾತು. ಆದರೆ ಈ ಬಾಲಕನಿಗೆ ಹೆಸರು ಬದಲಾದಂತೆಲ್ಲ ಆಳೇ ಬದಲಾಗಬೇಕಾಗಿದೆ. ಮೆಚ್ಚಿದ ಹುಡುಗಿಯ ಪುಟವನ್ನು ನೋಡಿ, ಅವಳಿಗೆ ಪ್ರಿಯವಾದುದೆಲ್ಲ ತನಗೂ ಪ್ರಿಯವೆಂದು ನಟಿಸುವನು. ಏಷ್ಯದವನಾದರೂ ಚೆಲುವನೆಂದು ಅವಳು ಹೊಗಳಿದರೆ, ಆ ಹೊಗಳಿಕೆಯೇ ಮುಳ್ಳಾಗಿ ನಾಟುವುದು. ಮುಂದೆ ಹೊಸ ಗೆಳೆಯರೊಡನೆ ತಾನು ಅರ್ಧ ಮಾತ್ರ ಏಷ್ಯದವನೆಂದು ಸುಳ್ಳಾಡುವನು. ವಿರಾಟನಗರದಲ್ಲಿ ಬೃಹನ್ನಳೆಯಾದ ಅರ್ಜುನನಿಗೆ ತಾನು ಅರ್ಜುನನೆಂಬ ಅರಿವಿತ್ತು, ವೇಷಕ್ಕೆ ಒಂದು ವರುಷದ ಗಡುವೂ ಇತ್ತು. ಈ ಹುಡುಗನಿಗೆ ಎರಡೂ ಇಲ್ಲ.

ನಿರ್ದೇಶಕರ ಕೌಶಲವು ತೋರುವುದು ಗಣಕದ ತೆರೆಯನ್ನೇ ರಂಗವನ್ನಾಗಿ ಮಾಡಿಕೊಂಡುದರಲ್ಲಿ. ಬಾಲಕನು ಒಂದು ಮಾತನ್ನು ಬರೆಯುವನು, ಅಳಿಸುವನು, ಬೇರೊಂದನ್ನು ಕಳುಹಿಸುವನು. ಹೇಳಿದ ಮಾತಿಗಿಂತ ಹೇಳದೆ ಉಳಿದ ಅರ್ಥವೇ ಕಾವ್ಯದ ಜೀವವೆಂದು ಆನಂದವರ್ಧನನು ಪ್ರತಿಪಾದಿಸಿದನಷ್ಟೆ. ಇಲ್ಲಿ ಅಳಿಸಿದ ಅಕ್ಷರಗಳಲ್ಲಿಯೇ ಧ್ವನಿಯಿದೆ. ತನ್ನ ಅಳಲನ್ನು ಪಕ್ಕದ ಕೋಣೆಯ ತಾಯಿಗೆ ಹೇಳಲಾರದೆ, ಉತ್ತರ ಕೊಡುವ ಯಂತ್ರವೊಂದಕ್ಕೆ ಬರೆದು ತಿಳಿಸುವ ಸನ್ನಿವೇಶವು ಕರುಣರಸಕ್ಕೆ ನೆಲೆಯಾಗಿದೆ. ಜೋನ್ ಚೆನ್ ಅವರ ತಾಯಿಯ ಪಾತ್ರವು ಚಿತ್ರದ ಕಳಸ. ಅತ್ತೆಯ ಮೂದಲಿಕೆಯನ್ನೂ ಮಗನ ತಾತ್ಸಾರವನ್ನೂ ನುಂಗಿಕೊಂಡ ಆ ಮುಖದಲ್ಲಿ ಮಾತಿಗೆ ಮೀರಿದ ಮಾತಿದೆ.

ದೋಷವಿಲ್ಲವೆಂದಲ್ಲ. ಹುಡುಗನು ನಾಚುವ ಆ ಸಂಸ್ಕೃತಿಯ ಸತ್ತ್ವವೇನೆಂಬುದು ಚಿತ್ರದಲ್ಲಿ ಸಾಕಷ್ಟು ಬೆಳೆದಿಲ್ಲ. ಊಟ, ಗದರಿಕೆ, ಅಜ್ಜಿಯ ನುಡಿ ಇಷ್ಟರಲ್ಲಿಯೇ ಅದು ನಿಲ್ಲುವುದು. ಗಂಟೆಲ್ಲವನ್ನೂ ತಾಯಿಯ ಕ್ಷಮೆಯೊಂದೇ ಬಿಡಿಸಬೇಕಾಗಿ ಬಂದುದಕ್ಕೆ ಇದೇ ಕಾರಣ.

ಕಥೆಯು 2008ಕ್ಕೆ ನಿಲ್ಲುವುದರಿಂದ ವಿಷಯದ ಇನ್ನೊಂದು ಮುಖವು ಕಾಣದೆ ಹೋಗಿದೆ. 2018ರಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನಿನಲ್ಲಿ ಚೀನೀ ಮೂಲದ ಕೆಲವು ವಿದ್ಯಾರ್ಥಿಗಳು ಫೇಸ್‌ಬುಕ್ಕಿನಲ್ಲಿ ‘ಸಟ್ಲ್ ಏಷ್ಯನ್ ಟ್ರೇಟ್ಸ್’ ಎಂಬ ಕೂಟವನ್ನು ತೆರೆದರು. ಕೆಲವೇ ತಿಂಗಳಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಜನರು ಸೇರಿದರು. ಒಬ್ಬೊಬ್ಬನು ಒಂಟಿಯಾಗಿ ಬಚ್ಚಿಟ್ಟುದನ್ನು ಅಲ್ಲಿ ಎಲ್ಲರೂ ಕೂಡಿ ನಕ್ಕರು, ನಾಚಿಕೆಯು ಹಗುರವಾಯಿತು. ಆದರೆ ಸಂಸ್ಕೃತಿಯೂ ಹಗುರವಾಯಿತು. ಸಾವಿರಾರು ವರುಷಗಳ ನಾಡೊಂದು ಸಾಬಕ್ಕಿಯಂತಹ ಗುಳಿಗೆಗಳುಳ್ಳ ಚಹಾ, ಅಂಕಗಳಿಗಾಗಿ ಪೀಡಿಸುವ ತಾಯಿ ಎಂಬ ನಾಲ್ಕಾರು ಹಾಸ್ಯಗಳಿಗೆ ಇಳಿಯಿತು. ಮೊದಲು ತಾನೇ ತನ್ನನ್ನು ಮರೆಮಾಡಿಕೊಂಡ ಬಾಲಕನು, ಬಳಿಕ ತನ್ನವರು ಬರೆದ ವ್ಯಂಗ್ಯಚಿತ್ರದಲ್ಲಿ ತನ್ನನ್ನು ಕಂಡುಕೊಂಡನು.

ಕನ್ನಡಿಯು ಮುಖವನ್ನು ತೋರಿಸುವುದೇ ಹೊರತು ಕೊಡುವುದಿಲ್ಲ. ಈ ವಿವೇಕವನ್ನು ಉಪದೇಶಿಸದೆ ಅನುಭವಕ್ಕೆ ತಂದಿರುವುದರಿಂದ, ಹದಿಹರೆಯದ ಮಕ್ಕಳುಳ್ಳ ಮನೆಯವರು ‘ದೀದಿ’ಯನ್ನು ಮಕ್ಕಳೊಡನೆ ಕುಳಿತು ನೋಡುವುದು ಒಳ್ಳೆಯದು.