ಮನೆಯ ಕೋಣೆಯಿಂದ ಒಂದು ಬಾನುಲಿ

ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರುಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ದಕ್ಕಿದ್ದು ಆ ನಿಲಯದಿಂದ. ಅಂದು ಟ್ರಾನ್ಸ್‌ಮಿಟರ್ ಬೇಕಿತ್ತು. ಇಂದು ಅಂತರ್ಜಾಲದ ಬಾನುಲಿಯಾದ ಪಾಡ್‌ಕಾಸ್ಟಿಗೆ ಬೆಂಗಳೂರಿನ ತ್ಯಾಗರಾಜನಗರದ ಒಂದು ಕೋಣೆ, ಒಂದು ಫೋನು ಸಾಕು.

ಪಾಡ್‌ಕಾಸ್ಟಿನ ಸೊಗಸಿರುವುದು ದನಿಯ ಆಪ್ತತೆಯಲ್ಲಿ. ಮೈಕನ್ನು ಬಾಯಿಂದ ಗೇಣು ದೂರ, ಕೊಂಚ ಓರೆಯಾಗಿಟ್ಟರೆ ‘ಪ’, ‘ಭ’ಗಳ ಉಸಿರು ಬಡಿಯುವುದಿಲ್ಲ. ಬರಿಗೋಡೆಯ ಹಾಲ್‌ನಲ್ಲಿ ಮಾತು ಗುಂಯ್‌ಗುಡುತ್ತದೆ. ಹಾಸಿಗೆ, ಪರದೆ, ಬಟ್ಟೆ ತುಂಬಿದ ಬೀರುವಿರುವ ಕೋಣೆ ಆ ಪ್ರತಿಧ್ವನಿಯನ್ನು ನುಂಗುತ್ತದೆ. ಫ್ಯಾನ್ ಆರಿಸಬೇಕು, ಕುಕ್ಕರ್ ಕೂಗಿ ಮುಗಿಯುವವರೆಗೆ ಕಾಯಬೇಕು. ಮೊದಲ ಕೆಲವು ಸೆಕೆಂಡ್ ಸುಮ್ಮನಿದ್ದು ರೆಕಾರ್ಡ್ ಮಾಡಿದರೆ, ಉಚಿತ ತಂತ್ರಾಂಶ ಆಡಾಸಿಟಿಯಲ್ಲಿ ಆ ತುಣುಕನ್ನೇ ಮಾದರಿಯಾಗಿ ಕೊಟ್ಟು ಉಳಿದೆಡೆಯ ಗದ್ದಲ ತಗ್ಗಿಸಬಹುದು. ಆದರೆ ‘ಅದೇನಪ್ಪಾ ಅಂದ್ರೆ’ಗಳನ್ನೆಲ್ಲ ಕತ್ತರಿಸಬಾರದು. ಮಾತಿನ ಜೀವವೇ ಅದು.

‘ತಲೆ-ಹರಟೆ’ ಕನ್ನಡ ಪಾಡ್‌ಕಾಸ್ಟ್ ಇದನ್ನು ಚೆನ್ನಾಗಿ ಬಲ್ಲದು. ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ಮತ್ತು ಗೆಳೆಯರು ಗಹನ ವಿಷಯಗಳನ್ನೂ ಆಡುಮಾತಿನಲ್ಲೇ ಚರ್ಚಿಸಿದರು. ಅಂಥದ್ದಕ್ಕೆಲ್ಲ ಗ್ರಾಂಥಿಕ ಕನ್ನಡವೇ ಬೇಕೆಂಬ ಹಿಂಜರಿಕೆ ಕಳೆದದ್ದು ದೊಡ್ಡ ಕೆಲಸ.

ಹಂಚುವುದು ಸಲೀಸು. ಹೋಸ್ಟಿಂಗ್ ಸೇವೆಗೆ ಆಡಿಯೊ ಏರಿಸಿದರೆ ಕಂತುಗಳ ಪಟ್ಟಿಯಿರುವ ಆರ್‌ಎಸ್‌ಎಸ್ ಫೀಡ್‌ನ ಕೊಂಡಿ ಸಿಗುತ್ತದೆ. ಅದನ್ನು ಸ್ಪಾಟಿಫೈ, ಆಪಲ್‌ಗಳಲ್ಲಿ ಒಮ್ಮೆ ನೋಂದಾಯಿಸಿದರೆ ಮುಂದಿನ ಕಂತುಗಳು ತಾವಾಗಿಯೇ ಕೇಳುಗರನ್ನು ತಲುಪುತ್ತವೆ.