ಸಂಬಳದ ದಾರಿಯೇ ವೀಸಾದ ದಾರಿ

ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ ಒಂಬತ್ತು ಹೊಡೆದಾಗ ಲಿಸ್ಬನ್‌ನಲ್ಲಿ ಮಧ್ಯಾಹ್ನ ಎರಡು, ಬೆಂಗಳೂರಿನಲ್ಲಿ ಸಂಜೆ ಆರೂವರೆ, ಬ್ಯಾಂಕಾಕ್‌ನಲ್ಲಿ ರಾತ್ರಿ ಎಂಟು. ಇದು ಬೇಸಿಗೆಯ ಲೆಕ್ಕ. ಚಳಿಗಾಲ ಬಂತೆಂದರೆ ಬೆಂಗಳೂರು, ಬ್ಯಾಂಕಾಕ್‌ಗಳ ಕೆಲಸ ಇನ್ನೂ ಒಂದು ಗಂಟೆ ರಾತ್ರಿಗೆ ಸರಿಯುತ್ತದೆ. ಅಮೆರಿಕದ ಗ್ರಾಹಕರಿಗಾಗಿ ದುಡಿಯುವವರಿಗೆ ಲಿಸ್ಬನ್ ಹೇಳಿ ಮಾಡಿಸಿದ ಊರು. ಆದರೆ ಬೆಂಗಳೂರಿನ ಕಚೇರಿಯ ಒಂಬತ್ತೂವರೆ ಮೀಟಿಂಗಿಗೆ ಕೂರಬೇಕಾದವರು ಅಲ್ಲಿ ನಸುಕಿನ ಐದಕ್ಕೇ ಲ್ಯಾಪ್‌ಟಾಪ್ ತೆರೆಯಬೇಕು. ಅವರಿಗೆ ಬ್ಯಾಂಕಾಕೇ ವಾಸಿ. ಅಲ್ಲಿ ಆಗ ಹನ್ನೊಂದು ಗಂಟೆ.

ಹೊರದೇಶದಲ್ಲಿದ್ದುಕೊಂಡು ಆನ್‌ಲೈನ್ ಕೆಲಸ ಮಾಡಲು ಹೊರಟವರು ಮೊದಲು ಕೇಳುವುದು ‘ಯಾವ ದೇಶದ ವೀಸಾ ಸುಲಭವಾಗಿ ಸಿಗುತ್ತೆ?’ ಎಂದು. ಕೇಳಿಕೊಳ್ಳಬೇಕಾದದ್ದು ಬೇರೆ. ನನಗೆ ದುಡ್ಡು ಕೊಡುವವರು ಯಾರು, ಎಲ್ಲಿದ್ದಾರೆ, ಸಂಬಳವಾಗಿ ಕೊಡುತ್ತಾರೋ ಬಿಲ್ಲಿಗೆ ಕೊಡುತ್ತಾರೋ? ಇವಕ್ಕೆ ಉತ್ತರ ಸಿಕ್ಕರೆ ಎಷ್ಟೋ ದೇಶಗಳು ತಾವಾಗಿಯೇ ಪಟ್ಟಿಯಿಂದ ಬಿಟ್ಟುಹೋಗುತ್ತವೆ.

2020ರ ತನಕ ಬಹುತೇಕ ದೇಶಗಳಲ್ಲಿ ಇಂಥವರಿಗೆ ಹೊಂದುವ ವೀಸಾವೇ ಇರಲಿಲ್ಲ. ಪ್ರವಾಸಿ ವೀಸಾ ಸುತ್ತಾಡಲು ಬಂದವರಿಗೆ. ಕೆಲಸದ ವೀಸಾ ಬೇಕೆಂದರೆ ಸಾಮಾನ್ಯವಾಗಿ ಆ ದೇಶದ್ದೇ ಕಂಪನಿ ಕರೆಸಿಕೊಳ್ಳಬೇಕು. ಕೋವಿಡ್ ಕಾಲದಲ್ಲಿ, ಆ ವರ್ಷದ ಜುಲೈನಲ್ಲಿ ಬಾರ್ಬಡೋಸ್, ಆಗಸ್ಟ್‌ನಲ್ಲಿ ಎಸ್ಟೋನಿಯಾ ಮೂರನೆಯ ಬಾಗಿಲು ತೆರೆದವು. ಇದನ್ನೇ ಈಗ ಡಿಜಿಟಲ್ ನೊಮ್ಯಾಡ್ ವೀಸಾ ಎನ್ನುತ್ತಾರೆ. 2014ರಿಂದ ಇರುವ ಎಸ್ಟೋನಿಯಾದ ‘ಇ-ರೆಸಿಡೆನ್ಸಿ’ ಕಾರ್ಡನ್ನು ಇದರ ಜೊತೆ ಬೆರೆಸಬೇಡಿ. ಅದರಿಂದ ಅಲ್ಲಿ ಕಂಪನಿ ನಡೆಸಬಹುದು, ವಾಸಿಸುವ ಹಕ್ಕು ಬರುವುದಿಲ್ಲ.

ಯುರೋಪಿನಲ್ಲಿ ನನಗೆ ಮೆಚ್ಚುಗೆಯಾದ ಕಾನೂನು ಸ್ಪೇನಿನದು. 2022ರ ಡಿಸೆಂಬರ್‌ನ ಸ್ಟಾರ್ಟಪ್ ಕಾಯ್ದೆ ಯಾರಿಗೆ ಬಾಗಿಲು ತೆರೆದಿದೆ ಎಂಬುದನ್ನು ಬಿಡಿಸಿ ಹೇಳುತ್ತದೆ. ನಿಮಗೆ ಕೆಲಸ ಕೊಟ್ಟ ಸಂಸ್ಥೆ ಕನಿಷ್ಠ ಒಂದು ವರ್ಷದಿಂದ ನಡೆಯುತ್ತಿರಬೇಕು. ನೀವು ಅದರೊಂದಿಗೆ ಮೂರು ತಿಂಗಳಾದರೂ ದುಡಿದಿರಬೇಕು. ಪದವಿ ಅಥವಾ ಮೂರು ವರ್ಷದ ಅನುಭವ ಇರಬೇಕು. ಆದಾಯ ಅಲ್ಲಿನ ಕನಿಷ್ಠ ವೇತನದ ಎರಡರಷ್ಟಿರಬೇಕು. ಫ್ರೀಲ್ಯಾನ್ಸರ್‌ಗಳು ಸ್ಪೇನಿನ ಗ್ರಾಹಕರಿಗೂ ಕೆಲಸ ಮಾಡಬಹುದು, ಒಟ್ಟು ಕೆಲಸದ ಶೇ 20 ದಾಟಬಾರದು ಅಷ್ಟೆ. ಗಂಡ, ಹೆಂಡತಿ, ಮಕ್ಕಳನ್ನು ಕರೆದೊಯ್ಯಬಹುದು. ಐದು ವರ್ಷ ನೆಲೆ ನಿಂತರೆ ದೀರ್ಘಾವಧಿ ವಾಸದ ಅರ್ಜಿಗೂ ದಾರಿಯಿದೆ. ತೊಡಕಿರುವುದು ಸಂಬಳದಾರರಿಗೆ. ಅವರು ಸಾಮಾಜಿಕ ಭದ್ರತೆಯ ಪುರಾವೆ ಕೊಡಬೇಕು. ಇಲ್ಲಿನ ಪಿಎಫ್ ಖಾತೆಯನ್ನು ತೋರಿಸಿದರೆ ಸಾಲದು. ಸ್ವಂತ ಬಿಲ್ಲು ಕಳಿಸುವವರು ಅಲ್ಲೇ ಸ್ವಉದ್ಯೋಗಿಯಾಗಿ ನೋಂದಾಯಿಸಿಕೊಂಡು ಈ ತೊಡಕು ದಾಟುತ್ತಾರೆ.

ಪೋರ್ಚುಗಲ್‌ನ ಡಿ8 ವೀಸಾ 2022ರ ಅಕ್ಟೋಬರ್ ಕೊನೆಯಲ್ಲಿ ಬಂತು. ಅಲ್ಲಿ ಕೇಳುವುದು ಕನಿಷ್ಠ ವೇತನದ ನಾಲ್ಕರಷ್ಟು. 2025ರಲ್ಲಿ ಆ ವೇತನ 870 ಯೂರೊ, ಹಾಗಾಗಿ ತಿಂಗಳಿಗೆ 3,480 ಯೂರೊ ತೋರಿಸಬೇಕಿತ್ತು. ಬಾಡಿಗೆ, ಪಿಂಚಣಿಯಂಥ ಆದಾಯದವರಿಗೆಂದು ಇರುವ ಡಿ7ಗೆ ದುಡಿಮೆಯ ಸಂಬಳ ತೋರಿಸಿ ಅರ್ಜಿ ಹಾಕುವುದು ವ್ಯರ್ಥ. ಡಿ8ರಲ್ಲೂ ಎರಡು ಬಗೆ: ಒಂದು ವರ್ಷದೊಳಗಿನ ತಾತ್ಕಾಲಿಕ ವಾಸ, ಇಲ್ಲವೇ ಅಲ್ಲಿಗೆ ಹೋಗಿ ನಿವಾಸ ಪರವಾನಗಿ ಪಡೆಯುವ ವೀಸಾ. ಅರ್ಜಿ ತುಂಬುವಾಗಲೇ ಇದನ್ನು ತೀರ್ಮಾನಿಸಿಕೊಳ್ಳಬೇಕು.

ಏಷ್ಯಾದಲ್ಲಿ ಥಾಯ್ಲೆಂಡ್ 2024ರ ಜುಲೈನಲ್ಲಿ ತಂದ ಡಿಟಿವಿ ಬಲು ಉದಾರ. ಐದು ವರ್ಷದ ವೀಸಾ, ಒಮ್ಮೆ ಒಳಹೊಕ್ಕರೆ 180 ದಿನ ಇರಬಹುದು, ಐದು ಲಕ್ಷ ಬಾತ್ ಉಳಿತಾಯ ತೋರಿಸಬೇಕು. ಮಲೇಷ್ಯಾದ ‘ಡಿಇ ರಂಟೌ’ ಐಟಿ ಕೆಲಸದವರಿಗೆ ವರ್ಷಕ್ಕೆ 24,000 ಡಾಲರ್ ಆದಾಯ ಕೇಳುತ್ತದೆ, ಉಳಿದವರಿಗೆ 60,000. ಹನ್ನೆರಡು ತಿಂಗಳವರೆಗಿನ ಪಾಸು, ಮತ್ತೊಂದು ವರ್ಷಕ್ಕೆ ನವೀಕರಣ. ಜಪಾನ್ 2024ರಲ್ಲಿ ತಂದ ಆರು ತಿಂಗಳ ವೀಸಾದ ಪಟ್ಟಿಯಲ್ಲಿ ಭಾರತ ಇರಲಿಲ್ಲ.

ತೆರಿಗೆಯ ವಿಷಯಕ್ಕೆ ಬಂದರೆ ದಿನ ಎಣಿಸುವುದನ್ನು ಕಲಿಯಲೇಬೇಕು. ಥಾಯ್ಲೆಂಡ್‌ನಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ 180 ದಿನ ತುಂಬಿದರೆ ತೆರಿಗೆಯ ಮಟ್ಟಿಗೆ ನೀವು ಅಲ್ಲಿನ ನಿವಾಸಿ. 2024ರಿಂದ ಅಂಥವರು ಹೊರಗೆ ಗಳಿಸಿ ಒಳತರುವ ಹಣಕ್ಕೆ ತೆರಿಗೆ ಇದೆ. ನಮ್ಮಲ್ಲಿ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, 182 ದಿನ. ಎರಡು ಕ್ಯಾಲೆಂಡರ್‌ಗಳನ್ನೂ ಮುಂದಿಟ್ಟುಕೊಂಡು ಹೊರಡುವ ತಿಂಗಳು ಗೊತ್ತುಮಾಡಿ. ಸ್ಪೇನ್, ಪೋರ್ಚುಗಲ್, ಥಾಯ್ಲೆಂಡ್, ಮಲೇಷ್ಯಾ ಈ ನಾಲ್ಕೂ ದೇಶಗಳ ಜೊತೆ ಭಾರತಕ್ಕೆ ಎರಡು ಸಲ ತೆರಿಗೆ ಬೀಳದಂತೆ ತಡೆಯುವ ಒಪ್ಪಂದವಿದೆ. ಲೆಕ್ಕಪರಿಶೋಧಕರ ಬಳಿ ಒಂದು ಗಂಟೆ ಕೂತು ಬನ್ನಿ. ಕಂಪನಿಯಿಂದ ‘ಆ ದೇಶದಿಂದ ಕೆಲಸ ಮಾಡಬಹುದು’ ಎಂಬ ಪತ್ರ ಬರವಣಿಗೆಯಲ್ಲೇ ಇರಲಿ. ನೌಕರ ಎಲ್ಲಿ ಕೂರುತ್ತಾನೋ ಅಲ್ಲಿ ಕಂಪನಿಗೂ ತೆರಿಗೆಯ ಹೊಣೆ ಬರಬಹುದು.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದದ್ದು ಇನಿಷಿಯಲ್. ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ.ಎಸ್.’, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಬಿಡಿಸಿ ಬರೆದದ್ದು, ಮದುವೆ ಪ್ರಮಾಣಪತ್ರದಲ್ಲಿ ಇನ್ನೊಂದು. ನಮಗೆ ಮೂವರೂ ಒಬ್ಬರೇ, ಕಾನ್ಸುಲೇಟಿನ ಗುಮಾಸ್ತರಿಗೆ ಅಲ್ಲ. ಪದವಿ, ಮದುವೆ, ಜನನ ಪತ್ರಗಳಿಗೆ ಅಪೊಸ್ಟಿಲ್ ಮುದ್ರೆ ಹಾಕಿಸುವ ಮುನ್ನ ಹೆಸರು ಒಂದೇ ಆಗಿರುವಂತೆ ಸರಿಪಡಿಸಿಕೊಳ್ಳಿ.

ಹೀಗಾಗಿ ನನ್ನ ಸಲಹೆ ಇಷ್ಟು. ಬಿಲ್ಲು ಕಳಿಸಿ ಬದುಕುವವರು, ಯುರೋಪಿನಲ್ಲಿ ನೆಲೆಯೂರುವ ಆಸೆಯಿದ್ದರೆ ಸ್ಪೇನ್ ನೋಡಿ. ಅಮೆರಿಕದ ವೇಳೆಗೆ ದುಡಿಯುವವರು ಪೋರ್ಚುಗಲ್ ನೋಡಿ. ಭಾರತದ ಕಂಪನಿಯ ನೌಕರರು ಮೊದಲ ವರ್ಷ ಮಲೇಷ್ಯಾ ಅಥವಾ ಥಾಯ್ಲೆಂಡ್‌ನಲ್ಲಿ ಕಳೆದು ನೋಡಿ. ‘ಪ್ರವಾಸಿ ವೀಸಾದಲ್ಲಿ ಹೋಗಿ ಲ್ಯಾಪ್‌ಟಾಪ್ ತೆರೆದರೆ ಯಾರಿಗೆ ಗೊತ್ತಾಗುತ್ತೆ’ ಎನ್ನುವವರ ಮಾತಿಗೆ ಮಾತ್ರ ಕಿವಿಗೊಡಬೇಡಿ. ಷೆಂಗೆನ್ ದೇಶಗಳಲ್ಲಿ ಅದು 180 ದಿನಗಳಲ್ಲಿ 90 ದಿನಕ್ಕೆ ಮುಗಿಯುತ್ತದೆ. ಅದರ ಬಲದ ಮೇಲೆ ವರ್ಷದ ಬಾಡಿಗೆ ಕರಾರು, ಮಗುವಿನ ಶಾಲೆ ಯಾವುದನ್ನೂ ಧೈರ್ಯದಿಂದ ಮಾಡಿಕೊಳ್ಳಲಾಗದು. ಅರ್ಜಿಯ ‘ಪ್ರಯಾಣದ ಉದ್ದೇಶ’ ಎಂಬ ಖಾನೆಯಲ್ಲಿ ನಿಮ್ಮ ಕೆಲಸವನ್ನು ಇದ್ದದ್ದು ಇದ್ದಂತೆ ಬರೆಯಲು ಬಿಡುವ ವೀಸಾ ಯಾವುದೋ ಅದೇ ನಿಮಗೆ ಸರಿಯಾದ ವೀಸಾ. ಅದಕ್ಕೆ ಆರು ತಿಂಗಳು ಹೆಚ್ಚು ಕಾಯಬೇಕಾಗಿ ಬಂದರೂ ಕಾಯಿರಿ.