ಹೊಸ ಪಟ್ಟನ್ನು ನೋಡುವ ಬಗೆ: ಕುಸ್ತಿ ರಸಿಕರಿಗೊಂದು ಕೈಪಿಡಿ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯವರಿಗೆ ಕುಸ್ತಿ ಅಪರಿಚಿತವಲ್ಲ. ಆದರೆ ಕುಸ್ತಿಯನ್ನು ನೋಡುವುದು ಬೇರೆ, ಪೈಲ್ವಾನನು ಹಾಕಿದ ಪಟ್ಟನ್ನು ಅರಿಯುವುದು ಬೇರೆ. ಈ ಸೀಮೆಯನ್ನು ಹಿಂದೆ ಆಳಿದ ಕಲ್ಯಾಣ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವು ಮಲ್ಲರ ಆಹಾರ, ಸಾಧನೆ ಹಾಗೂ ಸ್ಪರ್ಧೆಗಳನ್ನು ‘ಮಲ್ಲವಿನೋದ’ವೆಂಬ ಭಾಗದಲ್ಲಿ ವಿವರಿಸಿ, ಮಲ್ಲಯುದ್ಧವನ್ನು ನೋಡಿ ಸವಿಯಬೇಕಾದ ವಿನೋದಗಳ ಸಾಲಿನಲ್ಲಿಯೇ ಇರಿಸಿದೆ.

ಪಟ್ಟು, ಅಂದರೆ ಎದುರಾಳಿಯನ್ನು ಕೆಡವಲು ಇಲ್ಲವೆ ಬಂಧಿಸಲು ಹೂಡುವ ವರಸೆ, ಆತ ನೆಲಕ್ಕೆ ಬೀಳುವುದಕ್ಕೆ ಬಹಳ ಮುಂಚೆಯೇ ಆರಂಭವಾಗಿರುತ್ತದೆ. ಕಲಾಜಂಗ್ ಎಂಬ ಪಟ್ಟನ್ನೇ ನೋಡಬಹುದು: ಪೈಲ್ವಾನನು ಎದುರಾಳಿಯ ತೋಳನ್ನು ಬಿಗಿಹಿಡಿದು ಮುಂದಕ್ಕೆ ಜಗ್ಗಿ, ಸರಕ್ಕನೆ ಬಗ್ಗಿ ಆತನ ಕಂಕುಳಡಿ ತಲೆ ತೂರಿಸಿ, ಇನ್ನೊಂದು ಕೈಯನ್ನು ತೊಡೆಗಳ ನಡುವೆ ಹಾಕಿ, ಇಡೀ ದೇಹವನ್ನು ಹೆಗಲಿಗೇರಿಸಿ ಉರುಳಿಸುತ್ತಾನೆ. ಹೊಸಬರ ಕಣ್ಣು ಎತ್ತಿದ ಗಳಿಗೆಯಲ್ಲಿ ನೆಟ್ಟಿದ್ದರೆ, ಬಲ್ಲವರ ಕಣ್ಣು ಜಗ್ಗಿದ ಗಳಿಗೆಯಲ್ಲಿರುತ್ತದೆ. ಏಕೆಂದರೆ ಎದುರಾಳಿಯ ಭಾರ ಮುಂಗಾಲಿಗೆ ಬಂದು ಆತನ ತೋಲ ತಪ್ಪಿದ್ದು ಆಗಲೇ. ಆತನು ಸಕಾಲದಲ್ಲಿ ಕಾಲುಗಳನ್ನು ಹಿಂದಕ್ಕೆ ಚಾಚಿ, ಎದೆಯ ಭಾರವನ್ನು ಪೈಲ್ವಾನನ ಬೆನ್ನ ಮೇಲೆ ಹೇರಿದರೆ ಅದೇ ಈ ಪಟ್ಟಿಗೆ ಪ್ರತಿಪಟ್ಟು.

ಇದೇ ನೋಟ ಬ್ರೆಜಿಲಿಯನ್ ಜಿಯು-ಜಿತ್ಸುವಿಗೂ ಸಲ್ಲುತ್ತದೆ. ಜಪಾನಿನ ಜೂಡೋಪಟು ಮಿತ್ಸುಯೊ ಮಯೇದ 1914ರಲ್ಲಿ ಬ್ರೆಜಿಲ್‌ಗೆ ಹೋಗಿ ಕಲಿಸಿದ ವಿದ್ಯೆಯನ್ನು ಅಲ್ಲಿನ ಗ್ರೇಸಿ ಮನೆತನವು ನೆಲದ ಮೇಲಿನ ಕಾದಾಟವಾಗಿ ಬೆಳೆಸಿತು. ಮಣ್ಣಿನ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿ ಚಿತ್ ಆದರೆ ಸೋಲು. ಆದರೆ ಜಿಯು-ಜಿತ್ಸುವಿನಲ್ಲಿ ಅಂಗಾತ ಮಲಗಿದವನು ಎದುರಾಳಿಯನ್ನು ಕಾಲುಗಳಿಂದ ತಡೆದು ನಿಯಂತ್ರಿಸುವ ‘ಗಾರ್ಡ್’ ಎಂಬ ಸ್ಥಿತಿಯಿಂದಲೇ ಆತನ ಕೀಲನ್ನು ತಿರುಚಿ ಅಥವಾ ಕತ್ತು ಬಿಗಿದು ಸೋಲೊಪ್ಪಿಸಬಲ್ಲನು. ಆದುದರಿಂದ ಕುಸ್ತಿ ಕಂಡು ಬೆಳೆದವರು ಇಲ್ಲಿ ಮೇಲಿರುವವನೇ ಗೆದ್ದನೆಂದು ಭಾವಿಸದೆ, ಸೊಂಟ ಯಾರ ಹಿಡಿತದಲ್ಲಿದೆ, ಯಾರ ತೋಳು ದೇಹದಿಂದ ದೂರ ಸರಿದು ಒಂಟಿಯಾಗಿದೆ ಎಂಬುದನ್ನು ಗಮನಿಸಬೇಕು.

ಹೊಸದೆಂದು ಹೆಸರಾದ ಪಟ್ಟು ಎದುರಾದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು: ಮೊದಲ ಹಿಡಿತ ಎಲ್ಲಿ ಬಿತ್ತು, ತೋಲ ಯಾವಾಗ ತಪ್ಪಿತು, ಬಿಡಿಸಿಕೊಳ್ಳುವ ದಾರಿ ಯಾವುದಿತ್ತು? ಮನುಷ್ಯನ ಕೀಲುಗಳು ಎಲ್ಲ ದೇಶಗಳಲ್ಲೂ ಒಂದೇ ಬಗೆಯವಾದ್ದರಿಂದ ಕೆಡವುವ ಕ್ರಮ ಬಹುಮಟ್ಟಿಗೆ ಹಳೆಯದೇ ಆಗಿದ್ದು, ಅದಕ್ಕೆ ಪ್ರವೇಶಿಸುವ ದಾರಿ ಮಾತ್ರ ಹೊಸದಾಗಿರುತ್ತದೆ. ಪ್ರತಿಪಟ್ಟನ್ನು ಅರಿಯದವರು ಪಟ್ಟನ್ನು ಅರಿತಂತಾಗದು. ಆದಕಾರಣ ರಸಿಕರು ಕಣದ ಅಂಚಿನಲ್ಲಿ ಕುಳಿತಾಗ ಗೆದ್ದವನಿಗೆ ಚಪ್ಪಾಳೆ ತಟ್ಟಿ ಏಳದೆ, ಸೋತವನ ಕಾಲು ಎಲ್ಲಿ ತಪ್ಪಿತೆಂದು ಪಕ್ಕದ ಹಿರಿಯ ಉಸ್ತಾದರನ್ನು ಕೇಳಿ ತಿಳಿಯಬೇಕು.